ಮನೋಚಿಕಿತ್ಸೆಯೂ ರೋಗಿಯ ಮೌಲ್ಯಗಳೂ

ದೇಹದ ನೋವನ್ನು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೋವನ್ನು ಮಾತಿನಿಂದಲೇ ತಿಳಿಸಬೇಕು. ಹೈದರಾಬಾದ್ ರಾಜ್ಯದ ಮಾನಸಿಕ ಆಸ್ಪತ್ರೆಯು 1953ರಲ್ಲಿ ಜಾಲ್ನಾದಿಂದ ಎರ್ರಗಡ್ಡಕ್ಕೆ ಬಂದಾಗ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ಇನ್ನೂ ಅದೇ ರಾಜ್ಯಕ್ಕೆ ಸೇರಿದ್ದವು. ಉರ್ದು, ತೆಲುಗು, ಮರಾಠಿ, ಕನ್ನಡಗಳ ಆ ನಾಡಿನಲ್ಲಿ ವೈದ್ಯನೂ ರೋಗಿಯೂ ಒಂದೇ ನುಡಿಯವರಾಗಿರುವರೆಂಬ ಭರವಸೆಯಿರಲಿಲ್ಲ. ಇಂದಿನ ಹೈದರಾಬಾದಿನಲ್ಲಿಯೂ ಇಲ್ಲ. ತಾಯಿಯ ಋಣ ತೀರಿಸಲಾಗಲಿಲ್ಲವೆಂದು ಕೊರಗುವ ಕನ್ನಡಿಗನ ಮಾತು ಭಾಷಾಂತರದಲ್ಲಿ ಬರಿಯ ಸಾಲದ ಚಿಂತೆಯಾಗಿ ತೋರಿದರೆ ಚಿಕಿತ್ಸೆಯು ಮೊದಲ ದಿನವೇ ದಾರಿ ತಪ್ಪುತ್ತದೆ.

ನುಡಿ ಒಂದೇ ಆದರೂ ಸಾಲದು. ಪಾಶ್ಚಾತ್ಯ ಮನೋಚಿಕಿತ್ಸೆಯ ಬಹುಭಾಗವು ವ್ಯಕ್ತಿಯ ಸ್ವಾತಂತ್ರ್ಯವನ್ನು ಗುರಿಯಾಗಿರಿಸಿಕೊಂಡು ಬೆಳೆಯಿತು. ನಮ್ಮ ರೋಗಿಯಾದರೋ ಮನೆತನ, ಕರ್ತವ್ಯ, ಹರಕೆಗಳ ನಡುವೆ ನಿಂತು ಮಾತನಾಡುತ್ತಾನೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್. ಸಿ. ಸೂರ್ಯ ಅವರು ಎಸ್. ಎಸ್. ಜಯರಾಮ್ ಅವರೊಡನೆ 1964ರಲ್ಲಿ ಬರೆದ ಲೇಖನವೊಂದರಲ್ಲಿ ಈ ಭೇದವನ್ನು ಗುರುತಿಸಿದರು. ಭಾರತೀಯ ರೋಗಿಯು ಅಂತರಂಗದ ವಿಶ್ಲೇಷಣೆಗಿಂತ ಪ್ರತ್ಯಕ್ಷವಾದ ನೆರವನ್ನು ಬಯಸುತ್ತಾನೆ, ಚಿಕಿತ್ಸಕನಲ್ಲಿ ಅವಿಭಕ್ತ ಕುಟುಂಬದ ಹಿರಿಯನನ್ನು ಕಾಣುತ್ತಾನೆ ಎಂಬುದು ಅವರ ಅಭಿಪ್ರಾಯದ ಸಾರ. 1973ರಲ್ಲಿ ಜೆ. ಎಸ್. ನೇಕಿ ಅವರು ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು.

ಇದರಲ್ಲಿ ಅಪಾಯವೂ ಉಂಟು. ಹಿರಿಯನ ಪೀಠವೇರಿದ ಚಿಕಿತ್ಸಕನು ತನ್ನ ಮೌಲ್ಯಗಳನ್ನೇ ರೋಗಿಯ ಮೌಲ್ಯಗಳೆಂದು ಭ್ರಮಿಸುವುದು ಸುಲಭ. ಹೆಂಗಸರ ವಿಷಯದಲ್ಲಂತೂ "ಹೊಂದಿಕೊಂಡು ಹೋಗು" ಎಂಬ ಬೋಧನೆಯು ಚಿಕಿತ್ಸೆಯ ವೇಷದಲ್ಲಿ ಬರಬಹುದು. ಆದುದರಿಂದ ಮೌಲ್ಯವನ್ನು ಊಹಿಸದೆ ಕೇಳಿ ತಿಳಿಯಬೇಕು.

ಲಿಥಿಯಂ ಸೇವಿಸುವ ರೋಗಿಯೊಬ್ಬನು ರಂಜಾನ್ ಉಪವಾಸ ಕೈಗೊಳ್ಳುವನೆಂದು ಭಾವಿಸೋಣ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ವೈದ್ಯನ ಆತಂಕ ನಿರಾಧಾರವಲ್ಲ. ಆದರೆ ಬರಿದೇ ನಿಷೇಧಿಸಿದರೆ ರೋಗಿಯು ಉಪವಾಸವನ್ನು ಬಿಡದೆ, ಹೇಳದೆಯೇ ಔಷಧವನ್ನು ಬಿಟ್ಟಾನು. ಉಪವಾಸವು ಅವನಿಗೆ ಏನೆಂಬುದನ್ನು ತಿಂಗಳ ಮೊದಲೇ ಕೇಳಿದ ವೈದ್ಯನಿಗೆ ರಕ್ತಪರೀಕ್ಷೆ ಮಾಡಿಸಲು, ಔಷಧದ ವೇಳೆಯನ್ನು ರಾತ್ರಿಗೆ ಬದಲಿಸಲು, ಅಗತ್ಯವಾದರೆ ಅನಾರೋಗ್ಯದಲ್ಲಿ ಧರ್ಮವೇ ಕೊಡುವ ವಿನಾಯಿತಿಯನ್ನು ನೆನಪಿಸಲು ಅವಕಾಶವಿರುತ್ತದೆ. ನಿರ್ಜಲ ಏಕಾದಶಿಯ ವಿಷಯದಲ್ಲಿಯೂ ಮಾತು ಇದೇ.

2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ತನಗೆ ಬೇಕಾದ ಹಾಗೂ ಬೇಡವಾದ ಚಿಕಿತ್ಸೆಯನ್ನು ಮುಂದಾಗಿಯೇ ಬರೆದಿಡುವ ಹಕ್ಕನ್ನು ವಯಸ್ಕನಿಗೆ ಕೊಟ್ಟಿದೆ. ರೋಗಿಗೆ ಕೊಡುವ ಮಾಹಿತಿಯು ಅವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ಅದು ವಿಧಿಸುತ್ತದೆ. ಹೈದರಾಬಾದಿನ ಕನ್ನಡಿಗನು ಆಸ್ಪತ್ರೆಯಲ್ಲಿ ಕನ್ನಡವನ್ನು ಕೇಳಿದರೆ ಅದು ಉಪಕಾರವನ್ನು ಬೇಡಿದಂತಲ್ಲ.