ಅಂಕಿತವಿಲ್ಲದ ಗಾಯನಗಳು

ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದಲ್ಲಿರುವ ಮಟಮಾರಿಯಂತಹ ಊರಿನ ಶಾಸ್ತ್ರೀಯ ಸಂಗೀತಪ್ರೇಮಿಗೆ ಒಳ್ಳೆಯ ಕಛೇರಿ ಕೇಳುವುದು ಎಂದೂ ಸುಲಭದ ಮಾತಾಗಿರಲಿಲ್ಲ. ಗದಗ, ಹುಬ್ಬಳ್ಳಿ, ಧಾರವಾಡಗಳು ದೂರ. ಆಕಾಶವಾಣಿ ಪ್ರಸಾರ ಮಾಡಿದ ಹೊತ್ತಿಗೇ ಕಿವಿಗೊಡಬೇಕು. ಕ್ಯಾಸೆಟ್ ಅಂಗಡಿಯವರು ತರಿಸಿದ್ದಷ್ಟೇ ಲಭ್ಯ. 2005ರಲ್ಲಿ ಯೂಟ್ಯೂಬ್ ಆರಂಭವಾಗಿ, ಮುಂದೆ ಮೊಬೈಲಿನಲ್ಲಿ ಅಂತರಜಾಲ ಅಗ್ಗವಾದ ಮೇಲೆ ಈ ಕೊರತೆ ಬಹುಮಟ್ಟಿಗೆ ನೀಗಿದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನ ಈಗ ಬೇಕೆಂದಾಗ ಕೈಗೆಟಕುತ್ತದೆ.

ಹಿರಿಯ ರಸಿಕರೂ ಮಕ್ಕಳು, ಮೊಮ್ಮಕ್ಕಳ ನೆರವಿನಿಂದ ಈ ಸಾಧನಗಳನ್ನು ಕಲಿಯುತ್ತಿದ್ದಾರೆ. ಹುಡುಕುವುದು, ಮೆಚ್ಚಿದ್ದನ್ನು ವಾಟ್ಸ್‌ಆ್ಯಪ್ ಬಳಗಕ್ಕೆ ರವಾನಿಸುವುದು ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ. ಆದರೆ ಕಲಿಕೆ ಅಲ್ಲಿಗೇ ನಿಂತರೆ ನಷ್ಟ ಸಂಗೀತಕ್ಕೆ.

ಹೀಗೆ ಕೈಯಿಂದ ಕೈಗೆ ಸಾಗುವ ಧ್ವನಿಮುದ್ರಿಕೆಗಳಲ್ಲಿ ಹಲವಕ್ಕೆ ‘ಅಪರೂಪದ ಗಾಯನ’ ಎಂಬ ಶೀರ್ಷಿಕೆಯ ಹೊರತು ಬೇರೇನೂ ಇರುವುದಿಲ್ಲ. ರಾಗ ಯಾವುದು, ಹಾಡಿದ್ದು ಎಲ್ಲಿ, ಯಾವ ವರ್ಷ, ತಬಲಾ ಮತ್ತು ಹಾರ್ಮೋನಿಯಂ ಸಾಥಿ ಯಾರದು ಎಂಬ ವಿವರ ಇರುವುದಿಲ್ಲ. ಒಬ್ಬರ ದನಿ ಇನ್ನೊಬ್ಬರ ಹೆಸರಿನಲ್ಲಿ ಹರಿದಾಡುವುದೂ ಉಂಟು. ಹತ್ತು ಬಳಗಗಳನ್ನು ಸುತ್ತಿದ ತಪ್ಪನ್ನು ತಿದ್ದುವುದು ಬಹಳ ಕಷ್ಟ.

ಧ್ವನಿಮುದ್ರಣದ ಆರಂಭಕಾಲದವರಿಗೆ ಈ ಎಚ್ಚರವಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪೆನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚುಮಾಡುವವರಿಗೆ ಗಾಯಕಿ ಯಾರೆಂದು ತಿಳಿಯಲೆಂದು ಈ ಏರ್ಪಾಡು. ಮೂರು ನಿಮಿಷಗಳ ಆ ತಟ್ಟೆಯಲ್ಲೂ ಹೆಸರಿಗೊಂದು ಜಾಗವಿತ್ತು. ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಕಲಾವಿದೆಯ ದನಿಯನ್ನು ಇಂದಿಗೂ ಅನುಮಾನವಿಲ್ಲದೆ ಗುರುತಿಸಬಹುದು.

ರಾಯಚೂರು ಸೀಮೆಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ವಿಜಯದಾಸರು, ಜಗನ್ನಾಥದಾಸರು ತಮ್ಮ ಕೃತಿಗಳಿಗೆ ಅಂಕಿತವಿಟ್ಟರು. ಗೋಪಾಲವಿಠಲ, ವಿಜಯವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳು ಇರುವುದರಿಂದಲೇ ಎರಡೂವರೆ ಶತಮಾನಗಳ ನಂತರವೂ ಯಾವ ಪದ ಯಾರದೆಂದು ಹೇಳಲು ಸಾಧ್ಯವಾಗಿದೆ. ಆದರೆ ಅವರು ಹಾಡಿದ ಧಾಟಿಗಳಿಗೆ ಇಂತಹ ಗುರುತು ಇರಲಿಲ್ಲ. ಸಾಹಿತ್ಯ ಉಳಿಯಿತು, ಮಟ್ಟುಗಳು ಬಹುಪಾಲು ಮರೆಯಾದವು. ಗುರುತು ಇದ್ದದ್ದಕ್ಕೂ ಇಲ್ಲದ್ದಕ್ಕೂ ಇರುವ ಅಂತರವಿದು.

ಇಂದು ಅಂತಹದೇ ಸಂಧಿಕಾಲ ಮತ್ತೆ ಬಂದಿದೆ. ರಾಯಚೂರಿನ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರನ್ನು ಎದುರು ಕುಳಿತು ಕೇಳಿದ ತಲೆಮಾರು ಕರಗುತ್ತಿದೆ. ಆ ಕಾಲದವರು ಮನೆಯಲ್ಲಿ ಕಾಪಿಟ್ಟ ಕ್ಯಾಸೆಟ್ಟುಗಳ ಟೇಪು ತೇವಕ್ಕೂ ಶಾಖಕ್ಕೂ ಸಿಲುಕಿ ಹಾಳಾಗುತ್ತಿದೆ, ನುಡಿಸುವ ಯಂತ್ರವೂ ಅಪರೂಪವಾಗಿದೆ. ದನಿ ಕೇಳಿದೊಡನೆ ‘ಇದು ಇಂತಹ ಜಾತ್ರೆಯ ರಾತ್ರಿ ಹಾಡಿದ್ದು’ ಎನ್ನಬಲ್ಲವರು ಇರುವಾಗಲೇ ಆ ಮಾತನ್ನು ಬರೆದಿಡಬೇಕು. ಅವರು ಹೋದ ಮೇಲೆ ಯಾವ ತಂತ್ರಜ್ಞಾನವೂ ಅದನ್ನು ಮರಳಿ ತಂದುಕೊಡಲಾರದು.

ಆದ್ದರಿಂದ ರಸಿಕರು ಕಲಿಯಬೇಕಾದದ್ದು ಇನ್ನೂ ಕೆಲವಿವೆ. ಕಲಾವಿದರು, ರಾಗ, ತಾಳ, ಸಾಥಿದಾರರು, ಸ್ಥಳ, ವರ್ಷ ಇವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಸೇರಿಸುವುದು ಮೊದಲನೆಯದು. ಒಂದೇ ಹೆಸರನ್ನು ನಾಲ್ಕು ಕಾಗುಣಿತಗಳಲ್ಲಿ ಬರೆಯುವ ನಾಡಿನಲ್ಲಿ ಹುಡುಕುವವರಿಗೆ ಇದೇ ದಾರಿದೀಪ. ಖಚಿತವಿಲ್ಲದ್ದನ್ನು ‘ಖಚಿತವಿಲ್ಲ’ ಎಂದೇ ಬರೆಯಬೇಕು. ಮೂಲ ಪ್ರತಿಯನ್ನು ಬೇರೆಡೆಯೂ ಉಳಿಸಿಕೊಳ್ಳುವುದು ಎರಡನೆಯದು. ಒಂದು ಕಾಲಕ್ಕೆ ಮನೆಮಾತಾಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತೆಂಬುದನ್ನು ಮರೆಯಲಾಗದು. ಜಾಲತಾಣ ಹಂಚುವ ಬೀದಿಯೇ ಹೊರತು ಕಾಪಿಡುವ ಕಣಜವಲ್ಲ.

ಮೂರನೆಯದು ಹಕ್ಕಿನ ಪ್ರಶ್ನೆ. ಭಾರತದ ಕಾನೂನಿನಂತೆ ಪ್ರಕಟವಾದ ಧ್ವನಿಮುದ್ರಿಕೆಯ ಕೃತಿಸ್ವಾಮ್ಯ 60 ವರ್ಷ, ಕಲಾವಿದರು ನೀಡಿದ ಪ್ರದರ್ಶನದ ಮೇಲಿನ ಅವರ ಹಕ್ಕು 50 ವರ್ಷ. ಸ್ವಂತಕ್ಕೆ ಕೇಳಲು ಮುದ್ರಿಸಿಕೊಳ್ಳುವುದು ಬೇರೆ, ಲೋಕಕ್ಕೆಲ್ಲ ಹಂಚುವುದು ಬೇರೆ. ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳುವುದು ಕಾನೂನಿಗಷ್ಟೇ ಅಲ್ಲ, ಸೌಜನ್ಯಕ್ಕೂ ಸಲ್ಲುವ ನಡೆ. ಹಾಗೆ ಕೇಳುವಾಗಲೇ ಹಲವು ವಿವರಗಳು ದೊರಕುವುದೂ ಉಂಟು.

ಇದಕ್ಕೆ ದೊಡ್ಡ ಸಂಸ್ಥೆಯೋ ಸರ್ಕಾರದ ಅನುದಾನವೋ ಬೇಕಿಲ್ಲ. ಗುರುತಿಸಬಲ್ಲ ಹಿರಿಯರೊಬ್ಬರು, ಟೈಪು ಮಾಡಬಲ್ಲ ಕಿರಿಯರೊಬ್ಬರು ವಾರಕ್ಕೊಂದು ಸಂಜೆ ಕೂಡಿ ಕುಳಿತರೆ ಸಾಕು. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ರಾಗ ಗೊತ್ತು. ಇಬ್ಬರೂ ಕೂಡಿದಾಗ ಮಾತ್ರ ಗಾಯನಕ್ಕೊಂದು ಅಂಕಿತ ಬೀಳುತ್ತದೆ.