ಕಿವಿಯೂ ಕೈಯೂ ಕಣ್ಣಾದಾಗ

ನಡುವಯಸ್ಸು ದಾಟಿದವರಿಗೆ ಕಣ್ಣು ಮಂಜಾದರೆ ಮನೆಯವರು ಅಕ್ಕರೆಯಿಂದಲೇ ಒಂದು ಅನ್ಯಾಯ ಮಾಡಿಬಿಡುತ್ತಾರೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿಯ ಲೋಟವನ್ನು ಕೈಗೇ ಕೊಟ್ಟು, 'ನೀವು ಏಳಬೇಡಿ' ಎನ್ನುತ್ತಾರೆ. ಅಡುಗೆಮನೆ, ಹಿತ್ತಿಲು, ಬೀದಿ, ನೆಂಟರ ಊರು ಒಂದೊಂದಾಗಿ ಅವರ ಪಾಲಿಗೆ ಮುಚ್ಚಿಹೋಗುತ್ತವೆ. ದೃಷ್ಟಿ ಹೋದದ್ದಕ್ಕಿಂತ ಕೆಲವೊಮ್ಮೆ ಈ ನಷ್ಟವೇ ದೊಡ್ಡದು. ಕಣ್ಣು ಕಾಣದವರು ಅಡುಗೆ ಮಾಡಬಲ್ಲರು, ಗಿಡ ಬೆಳೆಸಬಲ್ಲರು, ದೇಶ ಸುತ್ತಬಲ್ಲರು. ಅದಕ್ಕೆ ಬೇಕಾದದ್ದು ಪವಾಡವಲ್ಲ. ಕ್ರಮ, ಅಭ್ಯಾಸ ಮತ್ತು ಸುತ್ತಲಿನವರ ತಿಳಿವಳಿಕೆ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ದೃಷ್ಟಿಹೀನತೆ ಎಂದರೆ ಯಾವಾಗಲೂ ಕಗ್ಗತ್ತಲೆಯಲ್ಲ. ದೃಷ್ಟಿ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಅಷ್ಟೋ ಇಷ್ಟೋ ನೋಟ ಉಳಿದಿರುತ್ತದೆ. ಕಣ್ಣಿನ ಪೊರೆ ಬಂದರೆ ಇಡೀ ನೋಟ ಮಸುಕಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ಗ್ಲಾಕೋಮಾದಲ್ಲಿ ಅಂಚಿನ ನೋಟ ಮೊದಲು ಅಳಿಯುತ್ತದೆ. ಕೊನೆಗೆ ನಳಿಕೆಯೊಳಗಿಂದ ನೋಡಿದಂತಾಗುತ್ತದೆ. ಹೀಗೆ ಹೋದ ನೋಟ ಮತ್ತೆ ಬಾರದು, ಉಳಿದುದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ. ಇಳಿವಯಸ್ಸಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದರೆ ಇದಕ್ಕೆ ತದ್ವಿರುದ್ಧ: ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಹಾಳಾದ ಕಣ್ಣಿನಲ್ಲಿ ಅಲ್ಲಲ್ಲಿ ಕಪ್ಪು ತೇಪೆಗಳು ಮೂಡಬಹುದು.

ಇದನ್ನು ಅರಿಯದವರು ಸುಲಭವಾಗಿ ತಪ್ಪು ತಿಳಿಯುತ್ತಾರೆ. ಪತ್ರಿಕೆ ಓದಬಲ್ಲ ವ್ಯಕ್ತಿ ಕಾಲ ಬಳಿಯ ಸ್ಟೂಲಿಗೆ ಎಡವುತ್ತಾನೆ. ಅಂಗಳದಲ್ಲಿ ಸಲೀಸಾಗಿ ಓಡಾಡುವವನಿಗೆ ಎದುರು ನಿಂತ ಮಗಳ ಮುಖ ಗುರುತು ಸಿಗುವುದಿಲ್ಲ. 'ಬೇಕಾದದ್ದು ಮಾತ್ರ ಕಾಣುತ್ತದೆ' ಎಂಬ ಕುಹಕದ ಮಾತು ಹುಟ್ಟುವುದು ಇಲ್ಲಿಯೇ. ಇಬ್ಬರೂ ನಟಿಸುತ್ತಿಲ್ಲ. ಒಬ್ಬನಲ್ಲಿ ಉಳಿದದ್ದು ನಡುವಿನ ನೋಟ, ಇನ್ನೊಬ್ಬನಲ್ಲಿ ಅಂಚಿನ ನೋಟ.

ಮನೆಯೊಳಗೆ

ಮನೆಯ ಮೊದಲ ನಿಯಮ: ವಸ್ತುವಿಗೆ ಒಂದೇ ಜಾಗ, ಜಾಗಕ್ಕೆ ಒಂದೇ ವಸ್ತು. ಉಪ್ಪಿನ ಭರಣಿ ಒಂದು ಗೇಣು ಸರಿದರೂ ಅದು ಕಳೆದುಹೋದಂತೆಯೇ. ಅರ್ಧ ತೆರೆದ ಬಾಗಿಲು ಗೋಡೆಗಿಂತ ಅಪಾಯಕಾರಿ; ಅದರ ಅಂಚು ಚಾಚಿದ ಎರಡು ಕೈಗಳ ನಡುವೆ ನುಸುಳಿ ಹಣೆಗೆ ಬಡಿಯುತ್ತದೆ. ಆದ್ದರಿಂದ ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಸ್ವಲ್ಪ ನೋಟ ಉಳಿದವರಿಗೆ ಬಣ್ಣಗಳ ಅಂತರ ನೆರವಾಗುತ್ತದೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ, ಬಿಳಿಯ ಗೋಡೆಯ ಮೇಲೆ ಕಪ್ಪು ಸ್ವಿಚ್ಚು, ಮಜ್ಜಿಗೆಗೆ ಗಾಢ ಬಣ್ಣದ ಲೋಟ ಇವೆಲ್ಲ ಕಡಿಮೆ ಖರ್ಚಿನ ಉಪಾಯಗಳು.

ಅಡುಗೆಮನೆಯಲ್ಲಿ ಕಣ್ಣಿನ ಪಾಲು ನಾವು ಭಾವಿಸುವಷ್ಟು ದೊಡ್ಡದಲ್ಲ. ಅಕ್ಕಿಯ ಮೇಲಿನ ನೀರನ್ನು ಬೆರಳ ಗೆಣ್ಣಿನಿಂದ ಅಳೆಯುವ ಪದ್ಧತಿ ನಮ್ಮ ಮನೆಗಳಲ್ಲಿ ಹಳೆಯದು. ಸಾಸಿವೆ ಸಿಡಿದದ್ದು ಕಿವಿಗೆ, ಬೇಳೆ ತಳ ಹಿಡಿದದ್ದು ಮೂಗಿಗೆ, ಹಿಟ್ಟು ಹದಗೊಂಡದ್ದು ಕೈಗೆ ಗೊತ್ತಾಗುತ್ತದೆ. ಲೋಟಕ್ಕೆ ನೀರು ಬಗ್ಗಿಸುವಾಗ ಶಬ್ದ ಏರುತ್ತ ಹೋಗುವುದನ್ನು ಕೇಳಿಯೇ ಅದು ತುಂಬುತ್ತಿರುವುದನ್ನು ಅರಿಯಬಹುದು. ಬಿಸಿಯಾದದ್ದನ್ನು ಲೋಟ ತಟ್ಟೆಯೊಳಗಿಟ್ಟು, ಅರ್ಧಕ್ಕಷ್ಟೇ ಬಗ್ಗಿಸಿಕೊಳ್ಳುವುದು ಜಾಣತನ.

ಊಟದ ತಟ್ಟೆಯನ್ನು ಗಡಿಯಾರವೆಂದು ಕಲ್ಪಿಸಿಕೊಳ್ಳಿರೆಂದು ತರಬೇತುದಾರರು ಹೇಳಿಕೊಡುತ್ತಾರೆ: ಹನ್ನೆರಡರ ಕಡೆ ಪಲ್ಯ, ಮೂರರ ಕಡೆ ಚಟ್ನಿ, ಆರರ ಕಡೆ ಅನ್ನ. ನಮ್ಮ ಬಾಳೆ ಎಲೆಯಲ್ಲಿ ಇಂಥ ವ್ಯವಸ್ಥೆ ಮೊದಲೇ ಇದೆ. ಎಡತುದಿಗೆ ಉಪ್ಪು, ಅದರಾಚೆ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಎಂದು ಪಂಕ್ತಿಗೆಲ್ಲ ಒಂದೇ ಕ್ರಮದಲ್ಲಿ ಬಡಿಸುವುದರಿಂದ ಆ ಕ್ರಮ ಬಲ್ಲವರು ಕಣ್ಣು ಮುಚ್ಚಿಯೂ ಉಣ್ಣಬಹುದು. ಸಂಪ್ರದಾಯಕ್ಕಾಗಿ ಮಾಡಿದ ಕ್ರಮ ಕುರುಡರಿಗೆ ದಾರಿಯೂ ಆಗುತ್ತದೆ.

ಓದುವ ದಾರಿಯನ್ನು ತೆರೆದವನು ಫ್ರಾನ್ಸಿನ ಲೂಯಿ ಬ್ರೈಲ್. ಆರು ಚುಕ್ಕೆಗಳ ತನ್ನ ಲಿಪಿಯನ್ನು ಆತ ರೂಪಿಸಿದ್ದು ೧೮೨೪ರಲ್ಲಿ, ಹದಿನೈದರ ಹರೆಯದಲ್ಲಿ, ಪ್ರಕಟಿಸಿದ್ದು ೧೮೨೯ರಲ್ಲಿ. ಭಾರತದ ಭಾಷೆಗಳಿಗೆ ಸಾಮಾನ್ಯವಾದ ಭಾರತಿ ಬ್ರೈಲ್ ೧೯೫೧ರಲ್ಲಿ ಬಂತು. ಅದರಲ್ಲಿ ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಚುಕ್ಕೆಗಳು ಒಂದೇ. ಆದರೆ ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರ ಬೆರಳುಗಳಿಗೆ ಬ್ರೈಲ್ ಅಷ್ಟು ಬೇಗ ಒಲಿಯುವುದಿಲ್ಲ. ಅಂಥವರಿಗೆ ಇಂದು ಪರದೆಯ ಮೇಲಿನ ಅಕ್ಷರವನ್ನು, ಕನ್ನಡವನ್ನೂ ಸೇರಿಸಿ, ಓದಿ ಹೇಳುವ ಫೋನು ಮತ್ತು ಕಂಪ್ಯೂಟರುಗಳು ಒದಗಿವೆ. ನೋಟುಗಳ ಮುಖಬೆಲೆಯನ್ನು ಕೇಳಿಸುವ 'ಮನಿ' ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕು ೨೦೨೦ರಲ್ಲಿ ಹೊರತಂದಿತು. ನೋಟಿನಲ್ಲೇ ಬೆರಳಿಗೊಂದು ಗುರುತೂ ಉಂಟು: ಹೊಸ ಸರಣಿಯ ಐನೂರರ ನೋಟಿನ ಎರಡು ಅಂಚುಗಳಲ್ಲಿ ಐದೈದು ಉಬ್ಬುಗೆರೆ, ನೂರರದರಲ್ಲಿ ನಾಲ್ಕು ನಾಲ್ಕು.

ಹಿತ್ತಿಲಿನಲ್ಲಿ

ತೋಟಗಾರಿಕೆ ಕಣ್ಣಿನ ಕಲೆಯೆಂದು ತಿಳಿದವರಿಗೆ ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್ ಒಳ್ಳೆಯ ಉತ್ತರ. ೧೮೪೩ರಲ್ಲಿ ಹುಟ್ಟಿ ೧೯೩೨ರಲ್ಲಿ ತೀರಿಕೊಂಡ ಈಕೆ ಚಿತ್ರಕಲೆ ಕಲಿತವರು, ಕಸೂತಿಯಲ್ಲಿ ನುರಿತವರು. ತೀವ್ರವಾದ ಸಮೀಪದೃಷ್ಟಿ ಹೆಚ್ಚುತ್ತ ಹೋಗಿ ಸೂಕ್ಷ್ಮ ಕೆಲಸಗಳನ್ನು ಬಿಡಬೇಕಾಯಿತು. ಆಮೇಲೆ ಅವರು ಕೈಹಾಕಿದ್ದು ತೋಟಕ್ಕೆ. ಒಂದೊಂದು ಹೂವನ್ನು ಎತ್ತಿ ತೋರಿಸುವ ಬದಲು ಬಣ್ಣಗಳನ್ನು ದೊಡ್ಡ ದೊಡ್ಡ ಹರವುಗಳಾಗಿ ನೆಟ್ಟ ಅವರ ರೀತಿ ಇಂಗ್ಲಿಷ್ ತೋಟಗಳ ಮೇಲೆ ಅಚ್ಚಳಿಯದ ಪ್ರಭಾವ ಬೀರಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ ಆಲಿಸ್ ಐರಿಸ್ ಅವರು ೧೯೫೫ರಲ್ಲಿ ದೃಷ್ಟಿಹೀನರಿಗಾಗಿಯೇ ಒಂದು ಪರಿಮಳದ ತೋಟವನ್ನು ರೂಪಿಸಿದರು. ಅಲ್ಲಿ ಮಡಿಗಳನ್ನು ಎತ್ತರಿಸಿರುವುದರಿಂದ ಬಗ್ಗದೆಯೇ ಎಲೆಯನ್ನು ಮುಟ್ಟಬಹುದು, ಮೂಸಬಹುದು.

ನಮ್ಮ ಹಿತ್ತಿಲಿಗೆ ಇಷ್ಟೇ ತತ್ವ ಸಾಕು. ಸೊಂಟದೆತ್ತರದ ಕಟ್ಟೆ ಅಥವಾ ಸಾಲಾಗಿಟ್ಟ ಕುಂಡಗಳು. ದಾರಿಯುದ್ದಕ್ಕೂ ಇಟ್ಟಿಗೆಯ ಅಂಚು. ಬೀಜ ಊರಲು ಗೇಣಿಗೊಂದು ಗಂಟು ಹಾಕಿದ ಹುರಿಯನ್ನು ಎರಡು ಗೂಟಗಳ ನಡುವೆ ಬಿಗಿದರೆ ಸಾಲೂ ನೆಟ್ಟಗಿರುತ್ತದೆ, ಅಂತರವೂ ತಪ್ಪುವುದಿಲ್ಲ. ಸಾಲಿನಲ್ಲಿ ಗಂಟಿನ ಬಳಿ ಮೊಳೆತದ್ದು ಗಿಡ, ಗಂಟುಗಳ ನಡುವೆ ಮೊಳೆತದ್ದು ಬಹುಮಟ್ಟಿಗೆ ಕಳೆ. ನೀರು ಬೇಕೇ ಎಂಬುದನ್ನು ಮಣ್ಣಿಗಿಳಿಸಿದ ಬೆರಳೂ ಕುಂಡದ ತೂಕವೂ ಹೇಳುತ್ತವೆ. ದೊಡ್ಡಪತ್ರೆಯ ತುಪ್ಪುಳು, ಮಜ್ಜಿಗೆಹುಲ್ಲಿನ ಒರಟು, ತುಳಸಿ, ಮರುಗ, ದವನ, ಕರಿಬೇವುಗಳ ಘಮ ಹೆಸರಿನ ಫಲಕಗಳಿದ್ದಂತೆ. ಮಲ್ಲಿಗೆಯೂ ರಾತ್ರಿರಾಣಿಯೂ ಸಂಜೆಯಾದದ್ದನ್ನೇ ತಿಳಿಸುತ್ತವೆ. ಹಾಲು ಸುರಿಸುವ ಕಳ್ಳಿ, ವಿಷದ ಕಣಗಿಲೆ ಮಾತ್ರ ಬೇಡ. ಆಸರೆಯ ಕೋಲುಗಳ ತುದಿಗೆ ಹಳೆಯ ಚೆಂಡನ್ನೋ ಬುರುಡೆಯನ್ನೋ ಸಿಕ್ಕಿಸಬೇಕು. ಬಗ್ಗಿದಾಗ ಕಣ್ಣಿಗೆ ಚುಚ್ಚುವುದು ಅವೇ.

ಹೊಸ್ತಿಲಾಚೆ

ಕುರುಡರು ಗೋಡೆಯನ್ನು ಮುಟ್ಟುವ ಮೊದಲೇ ಅದು ಇರುವುದನ್ನು ಅರಿಯುತ್ತಾರೆ. ಮುಖದ ಮೇಲೆ ಏನೋ ಒತ್ತಿದಂತಾಗುತ್ತದೆಂದು ಅವರಲ್ಲಿ ಅನೇಕರು ಹೇಳುತ್ತಿದ್ದರು. ೧೯೪೦ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಮುಖಕ್ಕೆ ಮುಸುಕು ಹಾಕಿದಾಗಲೂ ಅವರಿಗೆ ತಡೆ ಗೊತ್ತಾಯಿತು. ಕಿವಿ ಮುಚ್ಚಿದಾಗ ನೇರವಾಗಿ ಹೋಗಿ ಢಿಕ್ಕಿ ಹೊಡೆದರು. ಹೆಜ್ಜೆಯ ಸಪ್ಪಳದ ಮಾರ್ದನಿಯೇ ಆ 'ಮುಖದೃಷ್ಟಿ'. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೃಷ್ಟಿವಂತರೂ ಅಭ್ಯಾಸದಿಂದ ಅದನ್ನು ಕಲಿತರು. ಅಂದರೆ ಕುರುಡರಿಗೆ ದೇವರು ಬೇರೆ ಕಿವಿ ಕೊಟ್ಟಿಲ್ಲ. ಅದೇ ಕಿವಿಯನ್ನು ಅವರು ಹೆಚ್ಚು ದುಡಿಸುತ್ತಾರೆ.

ಕೋಲಿಗೂ ಒಂದು ಚರಿತ್ರೆಯಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಎಂಬ ಛಾಯಾಚಿತ್ರಗಾರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ, ವಾಹನಗಳವರಿಗೆ ಕಾಣಲೆಂದು ೧೯೨೧ರಲ್ಲಿ ತನ್ನ ಕೋಲಿಗೆ ಬಿಳಿ ಬಣ್ಣ ಬಳಿದ. ಎರಡನೆಯ ಮಹಾಯುದ್ಧದಲ್ಲಿ ಕುರುಡಾದ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಅಮೆರಿಕದ ರಿಚರ್ಡ್ ಹೂವರ್ ಅದನ್ನು ಉದ್ದ, ಹಗುರ ಮಾಡಿ, ಎಡಗಾಲು ಮುಂದಿಟ್ಟಾಗ ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ ತಟ್ಟುವ ಕ್ರಮ ರೂಪಿಸಿದ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಒಂದು ಹೆಜ್ಜೆ ಮೊದಲೇ ಪರೀಕ್ಷಿಸುತ್ತದೆ. ಆದರೆ ಸೊಂಟದ ಮೇಲೆ ಚಾಚಿದ ಕೊಂಬೆ ಅದಕ್ಕೆ ಸಿಗದು. ಈ ಕೊರತೆ ನೀಗಲು ದೆಹಲಿಯ ಐಐಟಿಯವರು ಶ್ರವಣಾತೀತ ಧ್ವನಿಯಿಂದ ತಡೆಯನ್ನು ಗುರುತಿಸಿ ಹಿಡಿಯಲ್ಲಿ ಕಂಪನ ಹುಟ್ಟಿಸುವ ಸಾಧನವೊಂದನ್ನು ೨೦೧೪ರಲ್ಲಿ ಹೊರತಂದರು.

ಇವಾವುವೂ ಇಲ್ಲದ ಕಾಲದಲ್ಲೇ ಜಗತ್ತು ಸುತ್ತಿದವನು ಜೇಮ್ಸ್ ಹೋಲ್ಮನ್. ೧೭೮೬ರಲ್ಲಿ ಹುಟ್ಟಿದ ಈ ಬ್ರಿಟಿಷ್ ನೌಕಾಧಿಕಾರಿ ಇಪ್ಪತ್ತೈದರ ವಯಸ್ಸಿನಲ್ಲಿ ಪೂರ್ತಿ ಕುರುಡನಾದ. ಲೋಹದ ತುದಿಯ ಕೋಲನ್ನು ನೆಲಕ್ಕೆ ತಟ್ಟುತ್ತ, ಅದರ ಮಾರ್ದನಿ ಕೇಳುತ್ತ ನಡೆದ. ವೆಸೂವಿಯಸ್ ಜ್ವಾಲಾಮುಖಿ ಹತ್ತಿದ, ಸೈಬೀರಿಯಾ ಮುಟ್ಟಿದ. ಅಲ್ಲಿ ಗೂಢಚಾರನಿರಬೇಕೆಂದು ಶಂಕಿಸಿ ರಷ್ಯನ್ನರು ಆತನನ್ನು ಗಡಿಯಾಚೆ ಅಟ್ಟಿದರು. ೧೮೨೭ರಿಂದ ೧೮೩೨ರವರೆಗೆ ಭೂಮಿಯನ್ನು ಸುತ್ತಿ ನಾಲ್ಕು ಸಂಪುಟಗಳ ಪ್ರವಾಸಕಥನ ಬರೆದ. ನೋಡದವನು ಪ್ರವಾಸದಲ್ಲಿ ಏನು ಪಡೆದಾನು ಎಂಬ ಪ್ರಶ್ನೆ ಅವನಿಗೂ ಎದುರಾಗಿತ್ತು. ಕಣ್ಣಿದ್ದವರು ಒಂದು ನೋಟ ಬೀರಿ ಮುಂದೆ ಹೋಗುವ ಕಡೆ ಕಾಣದವನು ನಿಂತು ಕೇಳಬೇಕಾಗುತ್ತದೆ, ಮುಟ್ಟಬೇಕಾಗುತ್ತದೆ. ಅವನ ಪುಸ್ತಕಗಳ ವಿವರ ಹುಟ್ಟಿದ್ದು ಹೀಗೆ. ನಮ್ಮ ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದೆಯೇ ಊರೂರು ಸಂಚರಿಸಿ ಹಾಡಿದವರು, ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ಬೆಳೆಸಿದವರು.

ಎಲ್ಲರೂ ಹೋಲ್ಮನ್‌ನಂತೆ ಸಾಹಸಿಗಳಾಗಬೇಕಿಲ್ಲ. ಸಾಮಾನ್ಯನೂ ಹೊರಡುವಂತೆ ದಾರಿಯನ್ನೇ ತಿದ್ದಬಹುದು. ಜಪಾನಿನ ಸೇಯ್ಚಿ ಮಿಯಾಕೆ ೧೯೬೫ರಲ್ಲಿ ಉಬ್ಬುಹಾಸುಗಳನ್ನು ರೂಪಿಸಿದರು; ೧೯೬೭ರಲ್ಲಿ ಒಕಾಯಾಮಾ ನಗರದ ಬೀದಿಗೆ ಅವು ಬಂದವು. ಉದ್ದುದ್ದ ಗೆರೆಯಿದ್ದರೆ ಮುಂದೆ ನಡೆ, ಚುಕ್ಕೆಗಳಿದ್ದರೆ ನಿಲ್ಲು ಎಂದರ್ಥ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಕಾಣುವ ಹಳದಿ ಹಾಸು ಅಲಂಕಾರವಲ್ಲ, ಇದೇ ಲಿಪಿ. ಮೈಸೂರು ರೈಲು ನಿಲ್ದಾಣದಲ್ಲಿ ೨೦೧೫ರಲ್ಲಿ ಬ್ರೈಲ್ ಫಲಕಗಳು ಬಂದವು.

ಆದರೆ ಅದೇ ಹಳದಿ ಸಾಲಿನ ಮೇಲೆ ಯಾರೋ ಸ್ಕೂಟರು ನಿಲ್ಲಿಸಿದರೆ ಇಷ್ಟೆಲ್ಲ ಜಾಣತನ ವ್ಯರ್ಥ. ರಸ್ತೆ ದಾಟಿಸುವ ಉತ್ಸಾಹದಲ್ಲಿ ರಟ್ಟೆ ಹಿಡಿದು ಎಳೆಯುವುದೂ ಸಹಾಯವಲ್ಲ. 'ಸಹಾಯ ಬೇಕೇ' ಎಂದು ಕೇಳಿ, ಬೇಕೆಂದರೆ ಮೊಣಕೈ ನೀಡಬೇಕು. ಅವರೇ ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಮುಂದೆ ಹೋಗುವವನ ಮೈ ಏರಿದರೆ ಮೆಟ್ಟಿಲು, ಇಳಿದರೆ ಇಳಿಜಾರು. ದಾರಿ ಯಾವ ಕಡೆಗೆಂದು ಹೇಳುವಾಗ 'ಅಲ್ಲಿ' ಎಂದು ಕೈ ತೋರಿಸದೆ 'ನಿಮ್ಮ ಬಲಕ್ಕೆ ಹತ್ತು ಹೆಜ್ಜೆ' ಎನ್ನಬೇಕು. ಹೊರಡುವಾಗ 'ನಾನು ಹೋಗುತ್ತೇನೆ' ಎಂದು ತಿಳಿಸಬೇಕು. ಇಲ್ಲವಾದರೆ ಅವರು ಖಾಲಿ ಗಾಳಿಯೊಂದಿಗೆ ಮಾತು ಮುಂದುವರಿಸುತ್ತ ನಿಲ್ಲುತ್ತಾರೆ.