ನಾಯಿ ಆರಿಸಿದ ದಾರಿ

ಆಸ್ಟ್ರೇಲಿಯಾದಲ್ಲಿ ಹೆಚ್ಚುಕಡಿಮೆ ಎರಡು ಮನೆಗಳಲ್ಲಿ ಒಂದು ಮನೆ ನಾಯಿ ಸಾಕಿದ ಮನೆ. ಸುಮಾರು 2.7 ಕೋಟಿ ಜನರಿರುವ ಆ ದೇಶದಲ್ಲಿ ನೋಂದಣಿಯಾದ ಕ್ಯಾರವಾನ್ ಮತ್ತು ಕ್ಯಾಂಪರ್‌ವ್ಯಾನ್‌ಗಳೇ ಸುಮಾರು 9 ಲಕ್ಷ. ಹಾಗಾಗಿ ಜೂನ್‌ನಲ್ಲಿ ಚಳಿ ಶುರುವಾಗುತ್ತಲೇ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳಿಂದ ಬಿಸಿಲು ಹುಡುಕಿಕೊಂಡು ಉತ್ತರಕ್ಕೆ ಸಾಗುವ ವಾಹನಗಳ ಹಿಂದಿನ ಸೀಟಿನಲ್ಲಿ ನಾಯಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ‘ಗ್ರೇ ನೊಮ್ಯಾಡ್’ ಎಂದು ಕರೆಸಿಕೊಳ್ಳುವ ಅಲ್ಲಿನ ನಿವೃತ್ತರು ವಾರದ ಪ್ರವಾಸಕ್ಕಲ್ಲ, ತಿಂಗಳುಗಟ್ಟಲೆ ಅಲೆಯುವುದಕ್ಕೆ ಹೊರಡುವವರು. ಅಷ್ಟು ಕಾಲ ನಾಯಿಯನ್ನು ಬೇರೆಯವರ ಕೈಗೆ ಒಪ್ಪಿಸುವುದು ದುಬಾರಿ, ಮನಸ್ಸಿಗೂ ಒಗ್ಗದ್ದು. ಜೊತೆಯಲ್ಲಿ ಕರೆದೊಯ್ದರೆ ಮಾತ್ರ ದೇಶದ ಹೆಸರಾಂತ ತಾಣಗಳಲ್ಲಿ ಹಲವು ಕೈತಪ್ಪುತ್ತವೆ. ಆದ್ದರಿಂದಲೇ ನಾಯಿ ಎಂದರೆ ಪ್ರವಾಸಕ್ಕೆ ತೊಡಕು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಈ ತೊಡಕೇ ಆ ಪ್ರವಾಸದ ದೊಡ್ಡ ಲಾಭ ಎಂಬುದು ಈ ಲೇಖನದ ವಾದ. ನಾಯಿ ಜೊತೆಗಿದ್ದಾಗ ಬದಲಾಗುವ ದಾರಿ ಪ್ರವಾಸಿಗೂ ಒಳನಾಡಿನ ಸಣ್ಣ ಊರುಗಳಿಗೂ ಒಳ್ಳೆಯದು ಮಾಡುತ್ತದೆ. ಅದಕ್ಕಾಗಿ ನಾಯಿಗೆ ಮುಚ್ಚಿರುವ ತಾಣಗಳ ಬಾಗಿಲುಗಳನ್ನು ತೆರೆಯಿಸುವ ಅಗತ್ಯವೂ ಇಲ್ಲ.

ಮೊದಲು ಮುಚ್ಚಿದ ಬಾಗಿಲಿನ ವಿಚಾರ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಉದ್ಯಾನಗಳಿಗೆ ಸಾಕುನಾಯಿಗಳನ್ನು ಬಿಡುವುದಿಲ್ಲ. ಉಲುರು–ಕಟಾ ಜುಟಾಕ್ಕೂ ಇಲ್ಲ, ಕಕಡುವಿಗೂ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ನಾಯಿಯನ್ನು ಕಾರಿನಿಂದ ಇಳಿಸದೆ ಉದ್ಯಾನದಲ್ಲಿ ವಾಹನ ನಿಲ್ಲಿಸುತ್ತೇನೆಂದರೂ ಒಪ್ಪುವುದಿಲ್ಲ. ಸಾರ್ವಜನಿಕ ರಸ್ತೆ ಉದ್ಯಾನದ ನಡುವೆ ಹಾದುಹೋಗಿದ್ದರೆ ನಿಲ್ಲದೆ ದಾಟಿ ಹೋಗಬಹುದು, ಅಷ್ಟೆ. ಅಂಧರು, ಅಂಗವಿಕಲರಿಗೆ ನೆರವಾಗುವ ತರಬೇತಾದ ನಾಯಿಗಳ ಮಾತು ಬೇರೆ. ಇದೇ ರಾಜ್ಯದ ಸರ್ಕಾರಿ ಅರಣ್ಯಗಳಲ್ಲಿ, ಅಂದರೆ ಮರ ಕಡಿಯುವುದಕ್ಕೂ ಅವಕಾಶವಿರುವ ಸ್ಟೇಟ್ ಫಾರೆಸ್ಟ್‌ಗಳಲ್ಲಿ, ಬಹುತೇಕ ಕಡೆ ನಾಯಿಗೆ ಅಡ್ಡಿಯಿಲ್ಲ. ಹೀಗಾಗಿ ನಾಯಿ ಜೊತೆಗಿರುವವರು ನಕ್ಷೆ ಹರಡಿಕೊಂಡಾಗ ದೊಡ್ಡ ಹೆಸರುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಮುಂದೆ ಬರುವುದು ಗೋಧಿ ಬೆಳೆಯುವ ಬಯಲು, ನದಿಯ ದಂಡೆ, ಪಬ್ಬಿನ ಹಿಂದಿನ ಖಾಲಿ ಜಾಗ, ವರ್ಷಕ್ಕೊಮ್ಮೆ ಕೃಷಿ ಮೇಳ ನಡೆಯುವ ಷೋಗ್ರೌಂಡ್. ಕರಾವಳಿಯ ದುಬಾರಿ ರೆಸಾರ್ಟುಗಳಲ್ಲಿ ಸಿಗದ ಸ್ವಾಗತ ನಾಯಿಗೆ ಇಲ್ಲಿ ಸಿಗುತ್ತದೆ.

ಇಂಥ ಊರುಗಳಲ್ಲಿ ನೋಡುವುದಕ್ಕೇನಿದೆ ಎನ್ನುವವರಿಗೆ ವಿಕ್ಟೋರಿಯಾದ ವಿಮ್ಮೆರಾ–ಮ್ಯಾಲಿ ಸೀಮೆ ಒಳ್ಳೆಯ ಉತ್ತರ. ಬ್ರಿಮ್ ಎಂಬ ಪುಟ್ಟ ಊರಿನಲ್ಲಿ ಬಳಕೆ ನಿಂತುಹೋಗಿದ್ದ ಧಾನ್ಯದ ಸೈಲೊಗಳ ಮೇಲೆ ಕಲಾವಿದ ಗೈಡೊ ವಾನ್ ಹೆಲ್ಟನ್ ನಾಲ್ವರು ರೈತರ ಭಾರೀ ಚಿತ್ರ ಬರೆದು ಮುಗಿಸಿದ್ದು 2016ರ ಆರಂಭದಲ್ಲಿ. ಅದನ್ನು ನೋಡಲು ಜನ ಬರತೊಡಗಿದ ಮೇಲೆ ಸುತ್ತಲಿನ ಊರುಗಳೂ ಅದೇ ದಾರಿ ಹಿಡಿದವು. ಇಂದು ಅದು ಸುಮಾರು 200 ಕಿ.ಮೀ. ಉದ್ದದ ಸೈಲೊ ಚಿತ್ರಗಳ ದಾರಿ. ಅದೇ ರಾಜ್ಯದ ನುಲ್ಲವಿಲ್‌ನಲ್ಲಿ ರೈತನ ಪಕ್ಕದಲ್ಲಿ ಅವನ ಕೆಲ್ಪಿ ತಳಿಯ ನಾಯಿಯೂ ಸೈಲೊ ಏರಿದೆ. ಇವೆಲ್ಲ ಇರುವುದು ರಸ್ತೆಯ ಬದಿಯಲ್ಲಿ. ಟಿಕೆಟ್ ಇಲ್ಲ, ನಾಯಿಗೆ ನಿಷೇಧವೂ ಇಲ್ಲ. ಯಂತ್ರಗಳು ಬಂದು ಹೊಲದ ಕೆಲಸಕ್ಕೆ ಕೈಗಳು ಬೇಡವಾಗಿ, ಜನ ನಗರಕ್ಕೆ ಹೋಗಿ, ಬ್ಯಾಂಕಿನ ಶಾಖೆಗಳೂ ಒಂದೊಂದಾಗಿ ಮುಚ್ಚುತ್ತಿರುವ ಸೀಮೆಗಳು ಇವು. ಅಲ್ಲಿ ಯಾರಾದರೂ ಬಂದು ಎರಡು ರಾತ್ರಿ ಉಳಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಉಳಿಯುವಂತೆ ಮಾಡುವುದರಲ್ಲಿ ನಾಯಿಯ ಪಾತ್ರ ದೊಡ್ಡದು. ನಾಯಿಯಿಲ್ಲದವರು ಹೆದ್ದಾರಿಯಲ್ಲಿ ಡೀಸೆಲ್ ತುಂಬಿಸಿಕೊಂಡು ಮುಂದಿನ ನಗರ ಸೇರಿಬಿಡಬಹುದು. ನಾಯಿಯನ್ನು ಕರೆದುಕೊಂಡು ಹೊರಟವರು ಎರಡು ಗಂಟೆಗೊಮ್ಮೆಯಾದರೂ ನಿಲ್ಲಬೇಕು, ನೀರು ಕುಡಿಸಬೇಕು, ಬೆಳಿಗ್ಗೆ ಸಂಜೆ ಓಡಾಡಿಸಬೇಕು. ಹಾಗೆ ಓಡಾಡಿಸುವುದು ಊರಿನ ಮುಖ್ಯ ಬೀದಿಯಲ್ಲೇ. ಕಟುಕನ ಅಂಗಡಿಯಲ್ಲಿ ಮೂಳೆ, ಬೇಕರಿಯಲ್ಲಿ ಪೈ, ರೈತರ ಸಾಮಾನಿನ ಅಂಗಡಿಯಲ್ಲಿ ಚೀಲಗಟ್ಟಲೆ ನಾಯಿ ಆಹಾರ, ಗ್ಯಾಸ್ ಸಿಲಿಂಡರ್, ಕಾಲಿಗೆ ಮುಳ್ಳು ಹೊಕ್ಕರೆ ಪಶುವೈದ್ಯರ ಶುಲ್ಕ, ಹೀಗೆ ಖರ್ಚು ಸಣ್ಣ ಸಣ್ಣದಾಗಿ ಹಲವು ಕೈಗಳಿಗೆ ಹಂಚಿಹೋಗುತ್ತದೆ. ಇದನ್ನು ಅರಿತೇ ಅಲ್ಲಿನ ಕ್ಯಾಂಪರ್‌ವ್ಯಾನ್ ಮತ್ತು ಮೋಟರ್‌ಹೋಮ್ ಕ್ಲಬ್ ‘ಆರ್‌ವಿ ಫ್ರೆಂಡ್ಲಿ ಟೌನ್’ ಎಂಬ ಯೋಜನೆ ನಡೆಸುತ್ತಿದೆ. ಉದ್ದನೆಯ ವಾಹನ ನಿಲ್ಲಿಸಲು ಜಾಗ, ಶೌಚದ ತೊಟ್ಟಿ ಖಾಲಿ ಮಾಡುವ ವ್ಯವಸ್ಥೆ, ಕುಡಿಯುವ ನೀರು ಮೊದಲಾದವನ್ನು ಒದಗಿಸುವ ಊರಿಗೆ ಆ ಹೆಸರಿನ ಫಲಕ ಸಿಗುತ್ತದೆ. ಅಪರಿಚಿತ ನಾಯಿಗಳು ಅಕ್ಕಪಕ್ಕದಲ್ಲೇ ತಂಗಲು ಸಾಧ್ಯವಾಗಿರುವುದಕ್ಕೆ ಕನ್ನಡದ ಓದುಗರು ಗಮನಿಸಬೇಕಾದ ಕಾರಣವೊಂದಿದೆ. ಆಸ್ಟ್ರೇಲಿಯಾದಲ್ಲಿ ನಾಯಿಗಳಿಂದ ಹರಡುವ ರೇಬೀಸ್ ಇಲ್ಲ. ಅದನ್ನು ಹೊರಗಿಡಲೆಂದೇ ಕಟ್ಟುನಿಟ್ಟಿನ ಕ್ವಾರಂಟೈನ್ ಇದೆ. ಬೆಂಗಳೂರಿನಲ್ಲಿ ಸಾಕಿದ ನಾಯಿಯನ್ನು ಅಲ್ಲಿಗೆ ವಲಸೆ ಹೋಗುವ ಕುಟುಂಬ ನೇರವಾಗಿ ಕೊಂಡೊಯ್ಯುವಂತಿಲ್ಲ.

ಈ ದಾರಿ ಬರೀ ಅನುಕೂಲದ ದಾರಿಯೂ ಅಲ್ಲ. ಆ ದೇಶದ ಒಳನಾಡು ತನ್ನ ನೆನಪುಗಳನ್ನು ನಾಯಿಗಳ ಮೂಲಕವೇ ಕಾಪಿಟ್ಟುಕೊಂಡಿದೆ. ಸಿಡ್ನಿ–ಮೆಲ್ಬರ್ನ್ ಹಾದಿಯ ಗುಂಡಗೈ ಬಳಿ ಊಟದ ಪೆಟ್ಟಿಗೆಯ ಮೇಲೆ ಕೂತ ನಾಯಿಯ ಪ್ರತಿಮೆಯನ್ನು 1932ರಲ್ಲಿ ಪ್ರಧಾನಿ ಜೋಸೆಫ್ ಲಯನ್ಸ್ ಅನಾವರಣ ಮಾಡಿದರು. ಎತ್ತಿನ ಗಾಡಿಗಳಲ್ಲಿ ಸಾಗಿ ನೆಲೆಯೂರಿದವರ ಸ್ಮಾರಕ ಅದು. ದಕ್ಷಿಣ ಆಸ್ಟ್ರೇಲಿಯಾದ ಪೀಟರ್‌ಬರೋದಲ್ಲಿ, 19ನೇ ಶತಮಾನದ ಕೊನೆಯಲ್ಲಿ ರೈಲು ಎಂಜಿನ್‌ಗಳನ್ನೇರಿ ಊರೂರು ಸುತ್ತಿದ ಬಾಬ್ ಎಂಬ ನಾಯಿಯ ಪ್ರತಿಮೆಯಿದೆ. ಪಶ್ಚಿಮದ ಡ್ಯಾಂಪಿಯರ್‌ನಲ್ಲಿ, 1970ರ ದಶಕದ ಕಬ್ಬಿಣ ಅದಿರಿನ ಸೀಮೆಯಲ್ಲಿ ಸಿಕ್ಕಸಿಕ್ಕವರ ವಾಹನ ಹತ್ತಿ ಅಲೆದ ರೆಡ್ ಡಾಗ್‌ನ ಪ್ರತಿಮೆ. ಅದರ ಕಥೆ 2011ರಲ್ಲಿ ಸಿನಿಮಾ ಆಯಿತು. ಕೊರಿಗಿನ್‌ನಲ್ಲಿ ನಾಯಿಗಳದ್ದೇ ಸ್ಮಶಾನವಿದೆ. ಕ್ಯಾಸ್ಟರ್ಟನ್ ಎಂಬ ಊರು ತನ್ನನ್ನು ಕೆಲ್ಪಿ ತಳಿಯ ತವರೆಂದು ಹೇಳಿಕೊಳ್ಳುತ್ತದೆ. ಸಾವಿರಾರು ಕುರಿಗಳನ್ನು ಬೆರಳೆಣಿಕೆಯ ಜನ ನೋಡಿಕೊಳ್ಳಬೇಕಿದ್ದ ನಾಡಿನಲ್ಲಿ ನಾಯಿ ಅಲಂಕಾರವಾಗಿರಲಿಲ್ಲ, ದುಡಿಯುವ ಕೈಯಾಗಿತ್ತು. ಬಿಳಿಯ ವಲಸಿಗರ ಈ ಚರಿತ್ರೆಯಲ್ಲಿ ಮೂಲನಿವಾಸಿಗಳ ನೆಲ ಕಳೆದುಹೋದ ಕಥೆ ಮರೆಯಾಗುತ್ತದೆ ಎಂಬುದು ನಿಜ. ಆದರೂ ಈ ಊರುಗಳು ತಮ್ಮನ್ನು ಹೇಗೆ ಕಂಡುಕೊಳ್ಳುತ್ತವೆ ಎಂದು ತಿಳಿಯಬೇಕಾದರೆ ಈ ಪ್ರತಿಮೆಗಳ ಮುಂದೆ ನಿಲ್ಲಲೇಬೇಕು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ: ಉಲುರು ನೋಡದೆ, ಕಕಡು ನೋಡದೆ ಅದೆಂಥ ಆಸ್ಟ್ರೇಲಿಯಾ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸುಮಾರು 20,000 ಚದರ ಕಿ.ಮೀ. ಹರಡಿದ ಕಕಡುವಿನ ಜೌಗುನೆಲಕ್ಕೂ ಅಲ್ಲಿನ ಬಂಡೆಚಿತ್ರಗಳಿಗೂ ಸೈಲೊ ಚಿತ್ರ ಬದಲಿಯಾಗದು. ಆದರೆ ನಾಯಿ ಕಸಿದುಕೊಳ್ಳುವುದು ಉದ್ಯಾನದ ಕೆಲವು ಹಗಲುಗಳನ್ನು ಮಾತ್ರ. ಇಬ್ಬರಿದ್ದರೆ ಒಬ್ಬರು ನಾಯಿಯ ಜೊತೆ ಉಳಿದು ಇನ್ನೊಬ್ಬರು ಹೋಗಿಬರಬಹುದು. ಉದ್ಯಾನದ ಹತ್ತಿರದ ಊರಿನಲ್ಲಿ ಹಗಲುಹೊತ್ತು ನಾಯಿ ನೋಡಿಕೊಳ್ಳುವವರಿದ್ದರೆ ಇಬ್ಬರೂ ಹೋಗಬಹುದು. ಉದ್ಯಾನಗಳಿಂದ ಉದ್ಯಾನಗಳಿಗೆ ಹಾರುವ ಪ್ರವಾಸಿಗೆ ಎರಡರ ನಡುವಿನ ಆಸ್ಟ್ರೇಲಿಯಾ ಬರೀ ದೂರವಾಗಿ ಕಾಣುತ್ತದೆ. ಆ ದೂರದಲ್ಲೂ ಜನರಿದ್ದಾರೆ ಎಂಬುದು ನಾಯಿಯ ಜೊತೆ ನಿಂತು ನಿಂತು ಸಾಗುವವರಿಗೆ ಗೊತ್ತಾಗುತ್ತದೆ.

ಹಾಗಿದ್ದರೆ ಲೀಶ್ ಹಾಕಿದ ನಾಯಿಗಳನ್ನು ಉದ್ಯಾನಕ್ಕೂ ಬಿಡಲಿ ಎಂಬ ಬೇಡಿಕೆ ನಾಯಿಪ್ರಿಯರಿಂದ ಬರುವುದುಂಟು. ಇದು ತಪ್ಪು ಬೇಡಿಕೆ. ಹೂಡೆಡ್ ಪ್ಲವರ್ ಎಂಬ ಪುಟ್ಟ ಹಕ್ಕಿ ಕಡಲತೀರದ ಬರಿ ಮರಳಿನಲ್ಲೇ ಮೊಟ್ಟೆ ಇಡುತ್ತದೆ. ನಾಯಿ ಹತ್ತಿರ ಬಂದರೆ ಸಾಕು, ಅದು ಗೂಡು ಬಿಟ್ಟು ಏಳುತ್ತದೆ, ಬಿಸಿಲಿಗೆ ಮೊಟ್ಟೆ ಕೆಡುತ್ತದೆ. ಇಲ್ಲಿ ನಾಯಿ ಕಚ್ಚಬೇಕಾಗಿಯೇ ಇಲ್ಲ. ವಾರ್ನಂಬೂಲ್ ಬಳಿಯ ಮಿಡ್ಲ್ ಐಲ್ಯಾಂಡ್‌ನಲ್ಲಿ ನರಿಗಳ ಹಾವಳಿಯಿಂದ ಪುಟ್ಟ ಪೆಂಗ್ವಿನ್‌ಗಳು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಯಾಗಿದ್ದಾಗ, 2006ರಿಂದ ಮಾರೆಮ್ಮಾ ತಳಿಯ ಕಾವಲು ನಾಯಿಗಳನ್ನು ನಿಯೋಜಿಸಿದ್ದು ಪ್ರಸಿದ್ಧ. ಅದನ್ನು ಎತ್ತಿ ತೋರಿಸಿ ನಾಯಿಯಿಂದ ವನ್ಯಜೀವಿಗೆ ಹಾನಿಯಿಲ್ಲ ಎನ್ನುವಂತಿಲ್ಲ. ತರಬೇತಾಗಿ, ಗೊತ್ತಾದ ಜಾಗದಲ್ಲಿ, ಗೊತ್ತಾದ ಕೆಲಸಕ್ಕೆ ನಿಂತ ನಾಯಿ ಬೇರೆ. ರಜೆಗೆ ಬಂದ ನಾಯಿ ಬೇರೆ. ನಿಷೇಧದಿಂದ ನಾಯಿಗೂ ರಕ್ಷಣೆಯಿದೆ. ನರಿ, ಕಾಡುನಾಯಿಗಳನ್ನು ಹತೋಟಿಯಲ್ಲಿಡಲು ಉದ್ಯಾನಗಳಲ್ಲೂ ಹೊಲಗಳ ಅಂಚಿನಲ್ಲೂ 1080 ಎಂಬ ವಿಷ ಬೆರೆಸಿದ ಮಾಂಸದ ತುಂಡುಗಳನ್ನು ಇಡುತ್ತಾರೆ. ನೈರುತ್ಯ ಆಸ್ಟ್ರೇಲಿಯಾದ ಕೆಲವು ಗಿಡಗಳಲ್ಲಿ ಅದೇ ವಿಷ ಸಹಜವಾಗಿ ಇರುವುದರಿಂದ ಅಲ್ಲಿನ ಮೂಲಪ್ರಾಣಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ನಾಯಿ ತಾಳಿಕೊಳ್ಳದು, ಅದಕ್ಕೆ ಪ್ರತಿವಿಷವೂ ಇಲ್ಲ.

ಇಲ್ಲಿಂದಲೇ ಇನ್ನೊಂದು ಆಕ್ಷೇಪ ಏಳುತ್ತದೆ: ಇಷ್ಟು ಅಪಾಯವಿದ್ದಲ್ಲಿಗೆ ಮೂಕಪ್ರಾಣಿಯನ್ನು ಎಳೆದೊಯ್ಯುವುದು ಯಾರ ಸುಖಕ್ಕೆ? ಅಪಾಯಗಳ ಪಟ್ಟಿ ಚಿಕ್ಕದಲ್ಲ. ಪೂರ್ವ ಕರಾವಳಿಯಲ್ಲಿ ಪಾರ್ಶ್ವವಾಯು ತರುವ ಉಣುಗು, ಉತ್ತರದಲ್ಲಿ ಮೊಸಳೆ, ಕೇನ್ ಟೋಡ್ ಎಂಬ ವಿಷಗಪ್ಪೆ. ಉಣುಗುಗಳಿಂದಲೇ ಹರಡುವ ಎರ್ಲಿಕಿಯೋಸಿಸ್ ರೋಗ ಆಸ್ಟ್ರೇಲಿಯಾದ ನಾಯಿಗಳಲ್ಲಿ 2020ರಲ್ಲಿ ಕಿಂಬರ್ಲಿಯಲ್ಲಿ ಪತ್ತೆಯಾಗಿ ಉತ್ತರದುದ್ದಕ್ಕೂ ಹರಡಿತು. ಸೆಡೂನಾದಿಂದ ನಾರ್ಸ್‌ಮನ್‌ವರೆಗೆ ನಲ್ಲರ್ಬಾರ್ ದಾಟುವ ಸುಮಾರು 1,200 ಕಿ.ಮೀ. ಹಾದಿಯಲ್ಲಿ ಅಲ್ಲೊಂದು ಇಲ್ಲೊಂದು ರೋಡ್‌ಹೌಸ್ ಬಿಟ್ಟರೆ ನೆರವು ದೂರ. ಆದರೆ ಈ ಪಟ್ಟಿಯ ಬಹುಪಾಲಿಗೆ ಮುನ್ನೆಚ್ಚರಿಕೆಯಿದೆ: ಉತ್ತರಕ್ಕೆ ಚಳಿಗಾಲದಲ್ಲಷ್ಟೇ ಹೋಗುವುದು, ಉಣುಗಿನ ಔಷಧಿ ತಪ್ಪಿಸದಿರುವುದು, ವಿಷದ ಫಲಕವಿದ್ದಲ್ಲಿ ಇಳಿಸದಿರುವುದು ಅಥವಾ ಬಾಯಿಗೆ ಕುಕ್ಕೆ ಹಾಕುವುದು, ಸಾಗುವಾಗ ಎಳೆಯುವ ವಾಹನದೊಳಗೇ ಬೆಲ್ಟ್ ಹಾಕಿ ಕೂರಿಸುವುದು. ಮುಪ್ಪಾದ, ಸೆಕೆ ತಡೆಯದ, ವಾಹನವೆಂದರೆ ನಡುಗುವ ನಾಯಿಗೆ ಮನೆಯೇ ಸರಿ. ಆದರೆ ಆರೋಗ್ಯವಾಗಿದ್ದು ಒಡೆಯರಿಗೆ ಅಂಟಿಕೊಂಡ ನಾಯಿಗೆ ನಾಲ್ಕು ತಿಂಗಳು ಕೆನಲ್‌ನಲ್ಲಿ ಕಳೆಯುವುದು ದಯೆ ಎನಿಸುವುದಿಲ್ಲ.

ಕೊನೆಯ ಆಕ್ಷೇಪ ಊರಿನೊಳಗಿಂದಲೇ ಬರುವಂಥದ್ದು. ತೆರಿಗೆ ಕಟ್ಟಿ, ಪರವಾನಗಿ ಪಡೆದು ಕ್ಯಾರವಾನ್ ಪಾರ್ಕ್ ನಡೆಸುವವರ ಎದುರಿಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ ಉಚಿತ ತಂಗುದಾಣ ತೆರೆದರೆ ಅದು ಅನ್ಯಾಯ. ಬಂದವರು ತಿಂಗಳ ದಿನಸಿಯನ್ನು ನಗರದಿಂದಲೇ ತುಂಬಿಕೊಂಡು ಬಂದಿರುತ್ತಾರೆ, ಬಿಟ್ಟುಹೋಗುವುದು ನಾಯಿಯ ಹೇಲು ಮತ್ತು ಬೊಗಳಿಕೆಯನ್ನು. ಈ ದೂರಿನಲ್ಲಿ ಸತ್ಯವಿದೆ. ಅದಕ್ಕೆ ಮದ್ದು ನಾಯಿಗಳನ್ನು ಹೊರಗಟ್ಟುವುದಲ್ಲ, ಲೆಕ್ಕ ಸರಿಪಡಿಸುವುದು. ತಂಗುವ ಅವಧಿಗೆ ಮಿತಿ ಇರಲಿ, ಷೋಗ್ರೌಂಡ್‌ನಲ್ಲಿ ಸಣ್ಣ ಶುಲ್ಕ ಇರಲಿ, ಆ ಹಣ ಮೈದಾನದ ನಿರ್ವಹಣೆಗೆ ಹೋಗಲಿ. ನಾಯಿಗೆ ಬಾಗಿಲು ಹಾಕುವ ಕ್ಯಾರವಾನ್ ಪಾರ್ಕುಗಳು ತಮ್ಮ ಗಿರಾಕಿಗಳನ್ನು ತಾವೇ ಉಚಿತ ತಂಗುದಾಣಕ್ಕೆ ಕಳಿಸುತ್ತಿವೆ ಎಂಬುದನ್ನೂ ಮರೆಯಬಾರದು.

ಇಷ್ಟನ್ನೂ ತೂಗಿ ನೋಡಿದರೆ ಆಗಬೇಕಾದ ಕೆಲಸ ಕಾನೂನಿನ ತಿದ್ದುಪಡಿಯಲ್ಲ. ಉದ್ಯಾನಗಳು ಈಗಿರುವಂತೆಯೇ ನಾಯಿಗಳಿಗೆ ಮುಚ್ಚಿರಲಿ. ಕೈಯಲ್ಲಿ ಹೆಚ್ಚು ಹಣವಿಲ್ಲದ ಗ್ರಾಮೀಣ ಕೌನ್ಸಿಲ್‌ಗಳು ಒಂದು ನಲ್ಲಿ, ನೆರಳು, ಬೇಲಿ ಹಾಕಿದ ಅರ್ಧ ಎಕರೆ ಹುಲ್ಲುನೆಲ ಮತ್ತು 1080 ಹಾಕಿದ ಜಾಗಗಳ ನಕ್ಷೆ ಒದಗಿಸಿದರೂ ಸಾಕಷ್ಟಾಯಿತು. ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವೆಂದರೆ ಉದ್ಯಾನಗಳ ಅಂಚಿನ ಊರುಗಳಲ್ಲಿ ಹಗಲುಹೊತ್ತು ನಾಯಿ ನೋಡಿಕೊಳ್ಳುವವರ ಹೆಸರುಗಳನ್ನು ಪ್ರವಾಸಿ ಮಾಹಿತಿ ಕೇಂದ್ರದಲ್ಲೇ ಸಿಗುವಂತೆ ಮಾಡುವುದು. ಅದರಿಂದ ಸ್ಥಳೀಯರೊಬ್ಬರಿಗೆ ಸಂಪಾದನೆಯಾಗುತ್ತದೆ, ಪ್ರವಾಸಿಗೆ ಉದ್ಯಾನ ನೋಡುವ ಅವಕಾಶ ಸಿಗುತ್ತದೆ, ಪ್ಲವರ್ ಹಕ್ಕಿಯ ಗೂಡಿಗೆ ನಾಯಿಯ ಕಾಟ ತಪ್ಪುತ್ತದೆ. ಕಾಡು ಉಳಿಯಬೇಕೋ ಊರು ಬದುಕಬೇಕೋ ಎಂಬ ಪ್ರಶ್ನೆಗೆ ಎರಡೂ ಎಂಬ ಉತ್ತರ ಅಪರೂಪಕ್ಕೆ ಸಿಗುವಂಥದ್ದು. ಇಲ್ಲಿ ಅದು ಒಂದು ದಿನದ ನಾಯಿ ಪಾಲನೆಯ ಖರ್ಚಿಗೇ ಸಿಗುತ್ತಿದೆ.